ಆಪರೇಟರ್ ಸಾರ್ ಗುಡಿಸಿದ ಕಂಪ್ಯೂಟರು

ನಮ್ಮ ಆಫೀಸಿನಲ್ಲಿ ಯಾರದಾದರೂ ಕಂಪ್ಯೂಟರು ತಿಣುಕತೊಡಗಿದರೆ ಇವತ್ತಿಗೂ ಒಂದು ಮಾತು ಬರುತ್ತದೆ: "ಆಪರೇಟರ್ ಸಾರ್ ಇದ್ದಿದ್ರೆ ಸದ್ದು ಕೇಳೇ ಏನಾಗೈತೆ ಅಂತ ಏಳ್ಬುಡೋರು." ಅವರು ಈ ವರ್ಷ ನಿವೃತ್ತರಾದರು. ಅವರ ಕುರ್ಚಿಯಲ್ಲಿ ಈಗ ನಾನೇ ಕೂರುತ್ತೇನೆ. ಕೂತಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅವರು ಹಾಗೆ ಕೂರುತ್ತಿದ್ದರು.

ಅವರಿಗೆ ಹೆಸರಿರಲಿಲ್ಲವೆಂದಲ್ಲ. ಅದು ಸಂಬಳದ ಚೀಟಿಯಲ್ಲಿತ್ತು, ಗುರುತಿನ ಚೀಟಿಯಲ್ಲಿತ್ತು. ಬಾಯಲ್ಲಿ ಮಾತ್ರ ಎಲ್ಲರಿಗೂ ಅವರು ಆಪರೇಟರ್ ಸಾರ್. ಕೆ.ಜಿ.ಎಫ್.ನಲ್ಲಿ ದೊಡ್ಡ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುವ ನಮ್ಮ ಚಿಕ್ಕ ಕಾರ್ಖಾನೆಯಲ್ಲಿ ಅವರು ಬಹಳ ಕಾಲ ಟೆಲಿಫೋನ್ ಆಪರೇಟರ್ ಆಗಿದ್ದರು. ಟೆಲಿಫೋನ್ ಬೋರ್ಡು ಹೋಯಿತು, ಆ ರೂಮಿನಲ್ಲಿ ಹಳೆಯ ಫ್ಯಾನುಗಳನ್ನು ತುಂಬಿದರು, ಹೆಸರು ಉಳಿಯಿತು. ಅವರಿಗೂ ಅದೇ ಇಷ್ಟ. ಹಾಗಾಗಿ ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ನಾನು ಗದಗದ ಕಡೆಯವಳು. ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿತೆಂದು ಬಂದು, ಆಮೇಲೆ ಈ ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗಕ್ಕೆ ಸೇರಿದೆ. ಸೇರಿದ ದಿನ ಮೇಜಿನ ಮೇಲಿದ್ದ ಫೋನೆತ್ತಿ, "ಹಲೋ, ಸ್ಟೋರ್ಸಿಗೆ ಕೊಡ್ರೀ" ಎಂದೆ. ಆ ಕಡೆಯಿಂದ ಸ್ಟೋರ್ಸಿನ ಬದಲು ಒಂದು ಪ್ರಶ್ನೆ ಬಂತು.

"ಗದಗ್ ಕಡೆಯವ್ರಾ ತಾಯಿ?"

"ಹೌದ್ರೀ. ಹೆಂಗ್ ಗೊತ್ತಾತು?"

"ಇನ್ನೊಂದೆರಡು ಮಾತಾಡಿ, ತಾಲೂಕೂ ಏಳ್ತೀನಿ."

ಅವರ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ; ಹೇಳುವುದು ಏಳುವುದಾಗುತ್ತಿತ್ತು, ಹೋಗುವುದು ಓಗುವುದಾಗುತ್ತಿತ್ತು. ನಾನು ಇನ್ನೊಂದೆರಡು ಮಾತಾಡಿದೆ. ರೋಣ ಎಂದರು. ಅಲ್ಲ, ಮುಂಡರಗಿ ಎಂದೆ. ಸ್ವಲ್ಪವೂ ಅಳುಕದೆ, "ಅಂಗಿದ್ರೆ ನಿಮ್ಮ ತಾಯಿ ರೋಣದವ್ರಿರ್ಬೇಕು" ಎಂದರು. ನನ್ನ ಅವ್ವನ ತವರು ನಿಜಕ್ಕೂ ರೋಣ. ನಾನು ಹಾಗೆಂದ ಮೇಲೆ ಆ ಕತೆಯನ್ನು ಅವರು ಇಡೀ ಕಾರ್ಖಾನೆಗೆ ಹೇಳಿಕೊಂಡು ಬಂದರು. ಹೆಮ್ಮೆ ಪಡುವುದಕ್ಕೆ ಅವರು ಯಾವತ್ತೂ ಸಂಕೋಚಪಟ್ಟವರಲ್ಲ.

ಅವರಿಗೆ ಕಣ್ಣು ಕಾಣುವುದಿಲ್ಲವೆಂದು ನನಗೆ ತಿಳಿದದ್ದು ಮಾರನೆಯ ದಿನ. ಪರಿಚಯ ಮಾಡಿಕೊಳ್ಳೋಣವೆಂದು ಅವರ ರೂಮಿಗೆ ಹೋದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮುಖ ಕಾಣುವಷ್ಟು ಹೊಳೆಯುವ ಬೂಟು. ಎದ್ದು ನಿಂತು ಕೈಮುಗಿದರು. ಅವರ ಮುಖ ನನ್ನಿಂದ ತುಸು ಪಕ್ಕಕ್ಕಿತ್ತು. ಹೊರಡುವಾಗ ಅವರೂ ಊಟಕ್ಕೆಂದು ಎದ್ದರು, ಬಾಗಿಲಲ್ಲಿ ಮೆಟ್ಟಿಲಿತ್ತು, ನಾನು ಗಾಬರಿಯಿಂದ ಅವರ ತೋಳು ಹಿಡಿದೆ. ಅವರು ನಿಂತರು. ಮೆಲ್ಲಗೆ ತೋಳು ಬಿಡಿಸಿಕೊಂಡರು.

"ನೋಡಮ್ಮ, ಬ್ಯಾಜಾರ್ ಮಾಡ್ಕಬೇಡ. ನೀನು ನನ್ನ ಇಡ್ಕಂಡ್ರೆ ನೀನು ಎಳ್ದ ಕಡೆ ನಾನು ಓಗ್ಬೇಕಾಯ್ತದೆ. ನಾನು ನಿನ್ನ ಮೊಣಕೈ ಇಡ್ಕಂಡ್ರೆ ನೀನು ಓಗೋ ಕಡೆ ನಾನು ಬತ್ತೀನಿ. ಬೇಕಾದ್ರೆ ನಾನೇ ಕೇಳ್ತೀನಿ."

ಹಾಗೆ ಹೇಳಿ ಆ ಮೆಟ್ಟಿಲನ್ನು ತಾವೇ ಇಳಿದು, ಬೂಟು ಟಪಟಪ ಎನಿಸುತ್ತ ಕ್ಯಾಂಟೀನಿಗೆ ಹೋದರು.

ಅವರ ಹುಟ್ಟೂರು ಕಾಮಸಮುದ್ರದ ಆಚೆ, ಗಡಿಗೆ ಹತ್ತಿಕೊಂಡ ಒಂದು ಹಳ್ಳಿ. ಹಸು ಕಟ್ಟಿದ ಮನೆ. ಚಿಕ್ಕಂದಿನಲ್ಲಿ ಜ್ವರ ಬಂದು ಕಣ್ಣು ಹೋಯಿತು ಎಂಬುದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಿದ್ದರು. ಹಾಲು ಕರೆಯುವುದರಲ್ಲಿ ಅಣ್ಣಂದಿರನ್ನು ಹಿಂದೆ ಹಾಕುತ್ತಿದ್ದ ಕತೆಗೆ ಮಾತ್ರ ಅರ್ಧ ಗಂಟೆ ಹಿಡಿಯುತ್ತಿತ್ತು. ಬೆಂಗಳೂರಿನಲ್ಲಿ ಓದಿದರು, ಬಿ.ಎ. ಮಾಡಿದರು. ಮನೆಯಲ್ಲಿ ಅಜ್ಜಿಯ ತೆಲುಗು, ಶಾಲೆಯಲ್ಲಿ ಕನ್ನಡ, ಕೆಲಸಕ್ಕೆ ಸೇರಿದ ಮೇಲೆ ತಮಿಳು. ಒಂದೇ ಫೋನಿನಲ್ಲಿ ಮೂರೂ ಭಾಷೆಯಲ್ಲಿ ಬೈಯುವುದನ್ನು ನಾನು ಕೇಳಿದ್ದೇನೆ.

ಮನೆ ಬಂಗಾರಪೇಟೆಯಲ್ಲಿತ್ತು. ದಿನಾ ಬೆಳಗ್ಗೆ ಅಲ್ಲಿಂದ ರೈಲು ಹತ್ತಿ ಉರಿಗಾಂನಲ್ಲಿ ಇಳಿಯುತ್ತಿದ್ದರು. ಒಮ್ಮೆ ನಾನೂ ಅದೇ ರೈಲಿನಲ್ಲಿದ್ದೆ. ಯಾರೋ ಎದ್ದು, "ಕೂತ್ಕೊಳ್ಳಿ ಪಾಪ" ಎಂದು ಜಾಗ ಬಿಟ್ಟುಕೊಟ್ಟರು. "ಪಾಪ ಯಾರು?" ಎಂದರು ಇವರು. ಬಿಟ್ಟುಕೊಟ್ಟವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆಮೇಲೆ ಇವರೇ ನಕ್ಕು, "ಕೂತ್ಕಳಿ ಸಾಮಿ, ನಂದು ಬರೀ ಕಣ್ಣೋಗಿರೋದು, ಕಾಲು ಗಟ್ಟಿ ಐತೆ" ಎಂದು ಅವರ ಭುಜ ತಟ್ಟಿದರು. ಕೋರಮಂಡಲ್ ಸ್ಟೇಷನ್ ಬರುವ ಹೊತ್ತಿಗೆ ಆ ಮನುಷ್ಯ ತನ್ನ ಮಗಳ ಮದುವೆ ವಿಚಾರವನ್ನೆಲ್ಲ ಇವರ ಮುಂದೆ ಬಿಚ್ಚಿಟ್ಟಿದ್ದ.

ಟೆಲಿಫೋನ್ ಬೋರ್ಡು ತೆಗೆದ ಮೇಲೆ ಅವರನ್ನು ಏನು ಮಾಡುವುದೆಂದು ಕಾರ್ಖಾನೆಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಅಷ್ಟು ಹೊತ್ತಿಗಾಗಲೇ ರಜೆ ಹಾಕಿ ಬೆಂಗಳೂರಿಗೆ ಹೋಗಿ ಕಂಪ್ಯೂಟರು ಕಲಿತು ಬಂದಿದ್ದರು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುವ ಒಂದು ಪ್ರೋಗ್ರಾಂ ಇದೆ. ಅದನ್ನು ಹಾಕಿಕೊಟ್ಟರೆ ಸಾಕು, ಡಿಸ್ಪ್ಯಾಚಿನಲ್ಲಿ ಯಾವ ಕೆಲಸ ಬೇಕಾದರೂ ಮಾಡುತ್ತೇನೆ ಎಂದರು. ಹಾಗೆ ಅವರು ನನ್ನ ಪಕ್ಕದ ಮೇಜಿಗೆ ಬಂದರು.

ನಮ್ಮಲ್ಲಿಂದ ಹೊರಡುವ ಪ್ರತಿ ಬಿಡಿಭಾಗದ ಜೊತೆ ಒಂದು ಪರೀಕ್ಷಾ ಪತ್ರ ಹೋಗಬೇಕು. ಯಾವ ಉಕ್ಕು, ಎಷ್ಟು ಗಡಸು, ಯಾರು ಪರೀಕ್ಷೆ ಮಾಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಆ ಪತ್ರಗಳನ್ನು ತಯಾರಿಸುವುದು ಅವರ ಕೆಲಸ. ಅಚ್ಚಾದದ್ದನ್ನು ಓದಿ ನೋಡಿ ಸಹಿ ಮಾಡಿಸುವುದು ನನ್ನದು. ಪತ್ರವಿಲ್ಲದೆ ಲಾರಿ ಗೇಟು ದಾಟುವಂತಿಲ್ಲ.

ಅವರ ಕಂಪ್ಯೂಟರಿನ ದನಿ ಮೊದಮೊದಲು ನನಗೆ ತಲೆನೋವು ತರಿಸಿತು. ಅಷ್ಟು ವೇಗ. ಬಿಸಿ ಎಣ್ಣೆಗೆ ಸಾಸಿವೆ ಬಿದ್ದಹಾಗೆ ಚಟಪಟ ಎನ್ನುತ್ತಿತ್ತು, ಒಂದು ಪದವೂ ತಿಳಿಯುತ್ತಿರಲಿಲ್ಲ. "ಸ್ವಲ್ಪ ನಿಧಾನ ಮಾಡ್ರೀ ಸರ್" ಎಂದರೆ, "ನೀನು ಓದೋವಾಗ ಒಂದೊಂದಕ್ಸರ ಕೂಡ್ಸಿ ಓದ್ತೀಯಾ? ನಾನ್ಯಾಕೆ ನಿಧಾನಕ್ಕೆ ಕೇಳ್ಳಿ?" ಎಂದರು. ಆದರೂ ಮಾರನೆಯ ದಿನದಿಂದ ಹೆಡ್‌ಫೋನ್ ಹಾಕಿಕೊಂಡರು, ಒಂದೇ ಕಿವಿಗೆ. ಇನ್ನೊಂದು ಕಿವಿ ಆಫೀಸಿಗೆ. ಎದುರು ಮೇಜಿನ ಸೆಲ್ವಿ ಅಕ್ಕ ಡಬ್ಬಿ ಮುಚ್ಚಳ ತೆರೆದರೆ, "ಎನ್ನಮ್ಮಾ, ಇನ್ನಕ್ಕಿ ಪುಳಿಸಾದಮಾ?" ಎಂದು ಇವತ್ತೂ ಹುಳಿಯನ್ನವೇ ಎಂದು ವಿಚಾರಿಸುತ್ತಿದ್ದುದು ಆ ಕಿವಿಯಿಂದ, ಜೊತೆಗೆ ಮೂಗಿನಿಂದ.

ಹೀಗೆ ವರ್ಷಗಳು ಸುಖವಾಗಿ ಕಳೆದವು. ಆಮೇಲೆ ಕಾರ್ಖಾನೆಯವರು ಸ್ಟಾಕಿನ ಲೆಕ್ಕಕ್ಕೆ ಹೊಸ ಪ್ರೋಗ್ರಾಂ ತರಿಸಿದರು. ಹಳೆಯದನ್ನು ತೆಗೆದುಹಾಕಿದೆವು ಎಂದರು. ಕೆಲವು ತಿಂಗಳು ಏನೂ ಗೊತ್ತಾಗಲಿಲ್ಲ. ಕ್ರಮೇಣ ನಮ್ಮೆಲ್ಲರ ಕಂಪ್ಯೂಟರುಗಳೂ ನಿಧಾನವಾದವು. ನಮಗೆ ಅದು ಅಷ್ಟೇನೂ ತೊಂದರೆಯಾಗಲಿಲ್ಲ. ಒಂದು ಬಟನ್ ಒತ್ತಿ, ಅದು ತೆರೆದುಕೊಳ್ಳುವಷ್ಟರಲ್ಲಿ ಒಂದು ಗುಟುಕು ಟೀ ಕುಡಿಯುತ್ತಿದ್ದೆವು. ಪರದೆ ಕಣ್ಣ ಮುಂದೆಯೇ ಇರುತ್ತಿತ್ತಲ್ಲ.

ಅವರ ಕಂಪ್ಯೂಟರು ಮಾತ್ರ ತೊದಲತೊಡಗಿತು. ಒಂದು ಸಾಲಿನ ಅರ್ಧ ಓದಿ ನಿಂತುಬಿಡುವುದು. ಇವರು ಕಾಯುವರು. ಕಾದು ಕಾದು ಇನ್ನೊಂದು ಕೀ ಒತ್ತುವರು. ಆಗ ಹಿಂದಿನದೂ ಈಗಿನದೂ ಒಟ್ಟಿಗೆ ನುಗ್ಗಿ ಬರುವುದು. ಬೆವರು ಒರೆಸಿಕೊಳ್ಳುತ್ತಿದ್ದರು. ಏನಾಗುತ್ತದೆ ಸರ್ ಎಂದು ಕೇಳಿದೆ.

"ಅದು ಮಾತು ನಿಲ್ಸಿದ್ರೆ ನಾನು ಎಲ್ಲಿದೀನಿ ಅಂತ್ಲೇ ಗೊತ್ತಾಗಲ್ಲ ತಾಯಿ. ಬಸ್ಸಿನವ್ನು ಯಾವ್ದೋ ಗೊತ್ತಿಲ್ದಿರೋ ಕಡೆ ಇಳ್ಸಿ ಓದಂಗಾಯ್ತದೆ."

ಬೆಂಗಳೂರಿನಲ್ಲಿದ್ದ ರಿಪೇರಿಯವರಿಗೆ ಫೋನು ಮಾಡಿದೆವು. ಮಿಷನ್ ಹಳೆಯದಾಯಿತು, ಬದಲಾಯಿಸಬೇಕು ಎಂದರು. ಬದಲಾಯಿಸುವುದು ಮುಂದಿನ ವರ್ಷದ ಮಾತು. ಅಷ್ಟರಲ್ಲಿ ಒಂದು ದಿನ ಆಗಬಾರದ್ದು ಆಯಿತು. ಕಂಪ್ಯೂಟರು ಒಂದು ಸಾಲು ಹಿಂದೆ ಉಳಿದಿದ್ದಾಗ ಇವರು ಮುಂದಿನ ಸಾಲೆಂದುಕೊಂಡು ಒತ್ತಿಬಿಟ್ಟರು. ಒಂದು ಗೇರಿನ ಪತ್ರ ಇನ್ನೊಂದು ಗೇರಿನ ಹೆಸರಿಗೆ ಅಚ್ಚಾಯಿತು. ಲಾರಿ ಹೊರಡುವ ಮೊದಲೇ ನನ್ನ ಕಣ್ಣಿಗೆ ಬಿತ್ತು. ಹರಿದು ಹಾಕಿ ಬೇರೆ ಮಾಡಿದರೆ ಮುಗಿಯಿತು ಎಂದೆ. ಅವರು ಒಪ್ಪಲಿಲ್ಲ. ತಾವೇ ಮ್ಯಾನೇಜರ ರೂಮಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದರು.

ಮ್ಯಾನೇಜರು ಹೊಸಬರು, ಮೈಸೂರಿನವರು. ಒಳ್ಳೆಯ ಮನುಷ್ಯ. ಕಾಗದಕ್ಕೆ ಸಹಿ ಮಾಡಿಸಲು ನಾನೂ ಅಲ್ಲೇ ನಿಂತಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತೇನೋ.

"ಬೇಜಾರು ಮಾಡ್ಕೋಬೇಡಿ ಸಾರ್. ಇಷ್ಟು ವರ್ಷ ದುಡಿದಿದ್ದೀರಿ. ಇನ್ನುಳಿದ ಸರ್ವಿಸ್ ಆರಾಮಾಗಿ ಮುಂದಿನ ರಿಸೆಪ್ಷನ್‌ನಲ್ಲಿ ಕೂತ್ಕೊಳ್ಳಿ. ಫ್ಯಾನಿದೆ, ಒಳ್ಳೇ ಕುರ್ಚಿ ಹಾಕಿಸ್ತೀನಿ. ಸಂಬಳಕ್ಕೇನೂ ತೊಂದರೆ ಆಗಲ್ಲ."

"ಅಲ್ಲಿ ಕೆಲ್ಸ ಏನು ಸಾರ್?"

"ಕೆಲಸ ಅಂತ ಏನಿಲ್ಲ. ಬಂದವರನ್ನ ಮಾತಾಡಿಸೋದು, ಅಷ್ಟೇ."

ಇವರ ಕೈ ಕುರ್ಚಿಯ ಬೆನ್ನನ್ನು ಹುಡುಕಿ ಹಿಡಿದುಕೊಂಡಿತು. ಇವರು ಹಾಗೆ ಆಸರೆಗೆ ಏನನ್ನಾದರೂ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬ್ಯಾಡ ಸಾರ್. ಕೆಲ್ಸ ಇಲ್ದಿರೋ ಕುರ್ಚೀಲಿ ಕೂರಕ್ಕೆ ನಂಗೆ ಬರಲ್ಲ. ಮಿಷನ್‌ಗೆ ಏನಾಗೈತೆ ಅಂತ ಮೊದ್ಲು ನಾನೇ ನೋಡ್ತೀನಿ. ನಾಳೆ ಸಾಯಂಕಾಲದ್‌ಗಂಟ ಟೈಮ್ ಕೊಡಿ. ಆಗ್ಲಿಲ್ಲಾಂದ್ರೆ ನೀವು ಏಳ್ದಂಗೆ."

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಆಯ್ತು ಸಾರ್" ಎಂದರು.

ಮಾರನೆಯ ದಿನ ಶನಿವಾರ, ಆಫೀಸು ಅರ್ಧ ಖಾಲಿ. ಊಟದ ಹೊತ್ತಿಗೆ ಅವತ್ತಿನ ಲಾರಿಗಳ ಕೆಲಸ ಮುಗಿಯಿತು. ಅವರು ನನ್ನನ್ನು ಕರೆದು, "ತಾಯಿ, ಪಕ್ಕದಾಗೆ ಕೂತ್ಕ. ಏನೂ ಮುಟ್ಬೇಡ. ನಾನು ಕೇಳಿದ್ರೆ ಮಾತ್ರ ಏಳು" ಎಂದರು. ಅವತ್ತು ಹೆಡ್‌ಫೋನ್ ತೆಗೆದಿಟ್ಟು ದನಿಯನ್ನು ಹೊರಗೆ ಬಿಟ್ಟರು, ನನಗೂ ಕೇಳಲೆಂದು. ವೇಗವನ್ನೂ ಕಡಿಮೆ ಮಾಡಿದರು. ಅದು ನನಗೆ ಮಾಡಿದ ದೊಡ್ಡ ಮರ್ಯಾದೆಯೆಂದು ಆಗಲೇ ತಿಳಿಯಿತು.

ಮೊದಲು ಡಿಸ್ಕಿನಲ್ಲಿ ಎಷ್ಟು ಜಾಗವಿದೆಯೆಂದು ಕೇಳಿಸಿಕೊಂಡರು. ಹೆಚ್ಚು ಕಡಿಮೆ ಏನೂ ಇರಲಿಲ್ಲ. "ಅಲ್ಲಾ, ನಾವು ಬರ್ದಿರೋ ಕಾಗ್ದ ಎಲ್ಲಾ ಸೇರ್ಸಿದ್ರೂ ಒಂದು ಮೂಲೆ ತುಂಬಲ್ಲ. ಇನ್ನೇನು ತುಂಬ್ಕಂಡೈತೆ ಇದ್ರೊಳಗೆ?" ಎಂದರು. ಆಮೇಲೆ ಒಂದೊಂದೇ ಫೋಲ್ಡರು. ಒಳಗೆ ಹೋಗುವುದು, ಅದರ ಗಾತ್ರ ಕೇಳುವುದು, ಹೊರಗೆ ಬರುವುದು. ನಡುವೆ ದನಿ ನಿಲ್ಲುತ್ತಿತ್ತು. ನಿಂತಾಗ ಇವರು ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ನಾನು ಪರದೆ ನೋಡಿಕೊಂಡು, ಅದೋ ಅಲ್ಲಿದೆ ಎಂದು ಬಾಯಿ ತೆರೆದು, ಮತ್ತೆ ಮುಚ್ಚುತ್ತಿದ್ದೆ. ಹೊರಗೆ ಗಾಳಿಗೆ ಹಳೆಯ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸಯನೈಡ್ ಗುಡ್ಡದ ಬಿಳಿ ಧೂಳೆದ್ದು ಕಿಟಕಿಯ ಗಾಜಿಗೆ ಬಡಿಯುತ್ತಿತ್ತು.

ಕೊನೆಗೆ ಒಂದು ಫೋಲ್ಡರಿನ ಹೆಸರನ್ನು ಆ ದನಿ ಓದಿತು. ಹಳೆಯ ಸ್ಟಾಕ್ ಪ್ರೋಗ್ರಾಮಿನ ಹೆಸರು.

"ಇದನ್ನ ತೆಗ್ದಾಕಿದ್ರಲ್ಲ?"

"ಹೌದ್ರೀ ಸರ್. ನಮ್ಮ ಮುಂದನ ತೆಗೆದ್ರು."

ಒಳಗೆ ಹೋದರು. ಗಾತ್ರ ಕೇಳಿದರು. ಡಿಸ್ಕಿನ ಬಹುಪಾಲು ಜಾಗ ಅದೊಂದರಲ್ಲೇ ಇತ್ತು. ಒಂದರ ಕೆಳಗೊಂದು ಫೈಲು, ಮುಗಿಯದಷ್ಟು, ಎಲ್ಲದರ ಹೆಸರಿನ ಕೊನೆಗೂ "ಲಾಗ್", "ಲಾಗ್", "ಲಾಗ್" ಎಂದು ದನಿ ಓದುತ್ತ ಹೋಯಿತು. ಪ್ರೋಗ್ರಾಮುಗಳು ತಾವು ಮಾಡಿದ್ದನ್ನೂ ಆಗದೆ ಹೋದದ್ದನ್ನೂ ತಮ್ಮಷ್ಟಕ್ಕೆ ಬರೆದಿಡುವ ಫೈಲುಗಳು ಅವು. ನಾವ್ಯಾರೂ ಅವನ್ನು ತೆರೆಯುವುದಿಲ್ಲ. ಇವರು ಒಂದನ್ನು ತೆರೆದರು. ಒಂದೇ ಸಾಲು: ಸರ್ವರ್ ಸಿಗಲಿಲ್ಲ, ಮತ್ತೆ ಪ್ರಯತ್ನಿಸುತ್ತೇನೆ. ಕೆಳಗೆ ಮತ್ತೆ ಅದೇ ಸಾಲು. ಅದರ ಕೆಳಗೂ ಅದೇ. ಇನ್ನೊಂದು ಫೈಲು ತೆರೆದರು. ಅದರಲ್ಲೂ ಅದೇ. ಕಡೆಯದಾಗಿ ಬರೆದ ಹೊತ್ತು ಯಾವುದೆಂದು ಕೇಳಿಸಿಕೊಂಡರು. ನಾವು ಕೂತಿದ್ದ ಆ ಗಳಿಗೆಯೇ.

ಅವರು ಕುರ್ಚಿಗೆ ಒರಗಿ ಗಟ್ಟಿಯಾಗಿ ನಕ್ಕರು. ಸೆಲ್ವಿ ಅಕ್ಕ ಗಾಬರಿಯಾಗಿ ಎದ್ದು ಬಂದರು.

"ಎನ್ನ ಸಾರ್, ಎನ್ನಾಚ್ಚು?" ಏನಾಯಿತೆಂದು ಅವರ ಪ್ರಶ್ನೆ.

"ಅಯ್ಯೋ ಸೆಲ್ವಿಯಮ್ಮ, ಒಬ್ಬ ಒಳಗೇ ಉಳ್ಕಂಡ್ಬುಟ್ಟವ್ನೆ! ಪ್ರೋಗ್ರಾಂ ತೆಗೆಯೋವಾಗ ಇವನೊಬ್ಬನ್ನ ಬಿಟ್ಟೋಗವ್ರೆ. ದಿನಾ ಬೆಳಿಗ್ಗೆ ನಮ್ ಜೊತೇಲೇ ಎದ್ದು, ಇಲ್ದಿರೋ ಸರ್ವರ್‌ಗೆ ಫೋನ್ ಮಾಡ್ತಾ ಕೂರ್ತಾನೆ. ಯಾರೂ ಎತ್ತಲ್ಲ. ಎತ್ತಲಿಲ್ಲ ಅಂತ ಬರ್ಕಂತಾನೆ. ಮತ್ತೆ ಮಾಡ್ತಾನೆ. ನಾನು ಇಷ್ಟು ವರ್ಷ ಬೋರ್ಡ್‌ನಾಗೆ ಕೂತಿದ್ದೋನು, ನಂಗೆ ಗೊತ್ತಾಗಬ್ಯಾಡ್ವಾ ಇವನ ಕಷ್ಟ?"

ನಾನು ಆತುರಪಟ್ಟೆ. ಅಳಿಸಿಬಿಡ್ರೀ ಸರ್ ಎಂದೆ. ಅವರು ಕೈಯೆತ್ತಿ ತಡೆದು, ಮೊದಲು ಮ್ಯಾನೇಜರಿಗೆ ಫೋನು ಮಾಡಿದರು. ಮಿಷನ್ ಕಾರ್ಖಾನೆಯದು, ಹೇಳದೆ ಏನನ್ನೂ ಅಳಿಸುವುದಿಲ್ಲ ಎಂಬುದು ಅವರ ನಿಯಮ. ಒಪ್ಪಿಗೆ ಸಿಕ್ಕಿತು. ಅಳಿಸಲು ಹೋದರೆ ಕಂಪ್ಯೂಟರು ಬಿಡಲಿಲ್ಲ, ಫೈಲು ಬಳಕೆಯಲ್ಲಿದೆ ಎಂದಿತು.

"ಅಂಗೇ ಇರ್ಬೇಕು. ಅವ್ನು ಬರೀತಾ ಕೂತಿರೋವಾಗ ಕೈಲಿರೋ ಪುಸ್ತಕ ಕಿತ್ಕಂಡ್ರೆ ಕೊಡ್ತಾನಾ? ಮೊದ್ಲು ಅವನ್ನ ಎಬ್ಬುಸ್ಬೇಕು."

ಆ ಉಳಿದುಹೋದ ಚಿಕ್ಕ ಪ್ರೋಗ್ರಾಮನ್ನು ಹುಡುಕಿ ನಿಲ್ಲಿಸಿದರು. ಬೆಳಗ್ಗೆ ಕಂಪ್ಯೂಟರಿನ ಜೊತೆ ತಾವಾಗಿಯೇ ಏಳುವ ಪ್ರೋಗ್ರಾಮುಗಳ ಸಾಲಿನಿಂದ ಅದನ್ನು ತೆಗೆದರು. ಆಮೇಲೆ ಲಾಗ್ ಫೈಲುಗಳನ್ನು ಮಾತ್ರ ಆರಿಸಿದರು. ಅದೇ ಫೋಲ್ಡರಿನಲ್ಲಿ ಹಳೆಯ ಸ್ಟಾಕಿನ ಲೆಕ್ಕವೂ ಇತ್ತು, ಅದನ್ನು ಮುಟ್ಟಲಿಲ್ಲ. ಹೊಸ ಪ್ರೋಗ್ರಾಮಿನ ಲಾಗುಗಳನ್ನೂ ಮುಟ್ಟಲಿಲ್ಲ, ನಾಳೆ ಅದು ಕೆಟ್ಟರೆ ರಿಪೇರಿಯವರು ಕೇಳುತ್ತಾರೆ ಎಂದರು. ಆರಿಸಿದ್ದನ್ನು ಕಂಪ್ಯೂಟರಿನ ಕಸದ ಬುಟ್ಟಿಗೆ ಹಾಕಿದರು. ಕೂಡಲೇ ಬುಟ್ಟಿ ಖಾಲಿ ಮಾಡಲಿಲ್ಲ. ಮಿಷನ್ ಬಂದ್ ಮಾಡಿ ಮತ್ತೆ ಹಚ್ಚಿದರು. ಒಂದು ಪರೀಕ್ಷಾ ಪತ್ರ ತೆರೆದು ನೋಡಿದರು. ಹೊಸ ಸ್ಟಾಕ್ ಪ್ರೋಗ್ರಾಂ ತೆರೆದು ನೋಡಿದರು. ಎಲ್ಲವೂ ನೆಟ್ಟಗಿದೆ ಎಂದಾದ ಮೇಲೆ ಬುಟ್ಟಿಯನ್ನು ಬರಿದು ಮಾಡಿದರು. ಕಾಗದ ಮುದುರಿದಂಥ ಸದ್ದೊಂದು ಬಂತು.

"ಓದ ನೋಡು" ಎಂದರು.

ಆಮೇಲೆ ದನಿಯ ವೇಗವನ್ನು ಹಳೆಯ ಮಟ್ಟಕ್ಕೆ ಏರಿಸಿದರು. ಸಾಸಿವೆ ಚಟಪಟ ಶುರುವಾಯಿತು. ಒಂದು ಸಾಲು, ಇನ್ನೊಂದು ಸಾಲು, ಎಲ್ಲೂ ತಡೆಯಿಲ್ಲ. ಅವರು ಪುಟದಿಂದ ಪುಟಕ್ಕೆ ಸುಮ್ಮನೆ ಓಡಾಡಿದರು, ಕೆಲಸವೇನೂ ಇಲ್ಲದೆ, ಬಹಳ ದಿನದ ಮೇಲೆ ಊರಿಗೆ ಹೋದವರು ಬೀದಿ ಸುತ್ತಿದ ಹಾಗೆ. ನನಗೆ ಆ ದನಿಯ ಒಂದು ಪದವೂ ತಿಳಿಯುತ್ತಿರಲಿಲ್ಲ. ಆದರೂ ಕೇಳುತ್ತ ಕಣ್ಣಲ್ಲಿ ನೀರು ಬಂತು. ಅವರಿಗೆ ಗೊತ್ತಾಗಬಾರದೆಂದು ಉಸಿರು ಬಿಗಿ ಹಿಡಿದೆ. "ಯಾಕಮ್ಮ ಉಸಿರು ಕಟ್ಕಂಡೆ?" ಎಂದರು.

ಸಂಜೆ ಮ್ಯಾನೇಜರು ಬಂದರು. ಇವರು ನಿಂತುಕೊಂಡು, "ಸಾರ್, ಯಾವ್ದಾದ್ರೂ ಒಂದು ಪಾರ್ಟ್ ಏಳಿ" ಎಂದರು. ಮ್ಯಾನೇಜರು ಒಂದು ಬಿಡಿಭಾಗದ ಹೆಸರು ಹೇಳಿ ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಅದರ ಪತ್ರ ಪ್ರಿಂಟರಿನಿಂದ ಹೊರಬಂದಿತ್ತು. ಅವರು ಅದನ್ನು ಓದಿದರು. ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದರು. ಆ ಮನುಷ್ಯನ ದೊಡ್ಡತನವೆನ್ನಬೇಕು, ಎದ್ದು ಇವರ ಕೈ ಹಿಡಿದುಕೊಂಡು, "ನೀವು ಇಲ್ಲೇ ಇರಿ ಸಾರ್" ಎಂದರು.

"ಇಲ್ಲೇ ಇದೀನಲ್ಲ ಸಾರ್. ನಾನೆಲ್ಲಿ ಓಗಿದ್ದೆ?"

ಮರುವಾರ ಬಂಗಾರಪೇಟೆಯಲ್ಲಿ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಅಂಗನವಾಡಿ ಟೀಚರು. ಸ್ವಂತ ಸೋದರಮಾವನ ಮಗಳು; ಗಂಡನನ್ನು ಬಾವ ಎಂದೇ ಕರೆಯುತ್ತಾರೆ. ಅವರು ಅಡುಗೆಮನೆಯಲ್ಲಿ ಕಡಲೆಕಾಯಿ ಹುರಿಯುತ್ತ ಆ ಶುಕ್ರವಾರದ ಕತೆ ಹೇಳಿದರು.

"ಅವತ್ತು ಬಂದೋರು ಬೂಟು ಬಿಚ್ಚಿಲ್ಲ. ಅಂಗೇ ಕೂತ್ಬುಟ್ರು. ಏನ್ ಬಾವ ಅಂದೆ. ಸುಮ್ನೆ ಕೂರ್ಸಿ ಸಂಬಳ ಕೊಡ್ತಾರಂತೆ ಕಣೆ, ಏನಂತೀಯ ಅಂದ್ರು. ರಾತ್ರಿ ಅನ್ನ ತಿನ್ನಲಿಲ್ಲ, ಬೆಳಿಗ್ಗೇನೂ ತಿನ್ನಲಿಲ್ಲ."

"ನೀವೇನಂದ್ರಿ?"

"ನಾನೇನಂತೀನಿ? ಅಲ್ಲಿ ಸುಮ್ನೆ ಕೂತು ಅಭ್ಯಾಸ ಆಗೋದ್ರೆ ಮನೇಗೆ ಬಂದು ನನ್ ಪ್ರಾಣ ತಿಂತೀಯ, ಓಗಿ ಸರಿಮಾಡ್ಕಂಡ್ ಬಾ ಅಂದೆ." ಬಾಣಲೆಯಲ್ಲಿ ಸೌಟಾಡಿಸಿದರು. "ಅವ್ರು ಆ ಕಡೆ ಓದ್ಮೇಲೆ ದೇವ್ರ ಮುಂದೆ ದೀಪ ಅಚ್ಚಿದೆ. ಅದನ್ನ ಏಳ್ಬೇಡ ಅವ್ರಿಗೆ."

ಹಜಾರದಿಂದ ಕೂಗು ಬಂತು: "ಕೇಳಿಸ್ತು!"

ಆ ಸುದ್ದಿ ಆಫೀಸಿನಲ್ಲಿ ಹಬ್ಬಿದ ಮೇಲೆ ಅವರಿಗೆ ಬಿಡುವಿರಲಿಲ್ಲ. ಹಳೆಯ ಪ್ರೋಗ್ರಾಂ ಇದ್ದ ಎಲ್ಲ ಕಂಪ್ಯೂಟರುಗಳಲ್ಲೂ ಅದೇ ರೋಗ. ಓದುವ ಪ್ರೋಗ್ರಾಂ ಒಂದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮೇಜಿನಿಂದ ಮೇಜಿಗೆ ಹೋದರು, ನನ್ನ ಮೊಣಕೈ ಹಿಡಿದು. ಅವರು ಕೇಳಿಯೇ ಹಿಡಿದದ್ದು. ಪ್ರತಿ ಮೇಜಿನಲ್ಲೂ ಒಂದಿಷ್ಟು ಉಪದೇಶವಾಗುತ್ತಿತ್ತು. ಅಕೌಂಟ್ಸ್ ವಿಭಾಗದ ಕಂಪ್ಯೂಟರಿನ ಮುಂದೆ ಕೂತು, "ಇದೇನ್ ಸಾಮಿ, ಪರದೆ ತುಂಬಾ ಅಳೇ ಫೋಟೋ! ಮಿಷನ್ನಾ, ಮದ್ವೆ ಮನೇನಾ?" ಎಂದು ಗದರಿದರು. ಕೆಲಸ ಮುಗಿದ ಮೇಲೆ ಎಲ್ಲರೂ ಚೆನ್ನಾಗಿದೆ ಸಾರ್ ಎಂದರೆ ಸಾಲದು; ಎಷ್ಟು ಚೆನ್ನಾಗಿದೆ ಎಂದೂ ಹೇಳಬೇಕಿತ್ತು. ಕೇಳಿ, ತಲೆಯಾಡಿಸಿ, ಮುಂದಿನ ಮೇಜಿಗೆ ಹೋಗುತ್ತಿದ್ದರು.

ಆ ವರ್ಷವೇ ಬಂಗಾರಪೇಟೆಯಲ್ಲಿ ಒಂದು ಸಂಘದವರು ಅವರಿಗೆ ಸನ್ಮಾನ ಇಟ್ಟುಕೊಂಡರು. ವೇದಿಕೆಯ ಮೇಲೆ ಯಾರೋ ಎದ್ದು, ಕಣ್ಣಿಲ್ಲದಿದ್ದರೂ ಎಂದು ಶುರುಮಾಡಿ, ಮತ್ತೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಶಾಲು ಹೊದಿಸುವ ಹೊತ್ತಿಗೆ ಇವರು ಮೈಕು ಕೇಳಿ ಪಡೆದರು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ, "ಆಯ್ತು, ಇನ್ ಮುಗೀತು" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಶಾಲು ತುಂಬಾ ಸಂದಾಗೈತೆ, ಮುಟ್ಟಿದ್ರೇ ಗೊತ್ತಾಯ್ತದೆ. ಆದ್ರೆ ಯಾತಕ್ಕೆ ಕೊಟ್ರಿ ಅಂತ ಸರ್ಯಾಗಿ ಏಳಿ ಸಾಮಿ. ಕಣ್ಣಿಲ್ಲ ಅಂತ ಕೊಟ್ರೆ ನಂಗೆ ಬ್ಯಾಡ, ಅದರಾಗೆ ನಂದೇನೂ ಸಾಧನೆ ಇಲ್ಲ. ಕಂಪ್ಯೂಟರ್ ಕೆಲ್ಸ ಗೊತ್ತು, ಅದನ್ನ ಸಂದಾಗಿ ಮಾಡ್ತಾನೆ ಅಂತ ಕೊಡಿ, ಒದ್ಕಂತೀನಿ."

ಆ ಭಾಷಣಕಾರರು ಒಳ್ಳೆಯವರು; ಮತ್ತೆ ಮೈಕಿನ ಮುಂದೆ ಬಂದು ಇವರು ಹೇಳಿದ್ದನ್ನೇ ಹೇಳಿ ಶಾಲು ಹೊದಿಸಿದರು. ಜನ ಜೋರಾಗಿ ನಕ್ಕರು, ಇವರೂ ನಕ್ಕರು. ಆ ಶಾಲನ್ನು ಚಳಿಗಾಲದುದ್ದಕ್ಕೂ ರೈಲಿನಲ್ಲಿ ಹೊದ್ದುಕೊಂಡು ಬಂದರು.

ಅವರ ಜೊತೆ ಕೆಲಸ ಮಾಡುವುದು ಸುಲಭವಾಗಿತ್ತೆಂದು ನಾನು ಹೇಳಲಾರೆ. ಮೇಜಿನ ಮೇಲೆ ಅವರ ಲೋಟ ಒಂದಂಗುಲ ಸರಿದರೂ ರಗಳೆ. ನಾನು ಪತ್ರವನ್ನು ಸಹಿಗೆ ಒಯ್ಯುವುದು ತಡವಾದರೆ ಹೆಡ್‌ಫೋನಿನ ಆಚೆಯಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕೆಲವು ಮಧ್ಯಾಹ್ನ ನಾವಿಬ್ಬರೂ ಮಾತು ಬಿಟ್ಟು ಕೂತದ್ದುಂಟು. ಆದರೆ ನಾನು ಕಂಪ್ಯೂಟರಿನ ಒಳಹೊರಗು ಕಲಿತದ್ದು ಅವರ ಪಕ್ಕದಲ್ಲೇ. ಏನನ್ನಾದರೂ ಅಳಿಸುವ ಮೊದಲು ಅದು ಏನು, ಯಾರದು, ಈಗಲೂ ಯಾರಿಗಾದರೂ ಬೇಕೇ ಎಂದು ವಿಚಾರಿಸುವ ಅಭ್ಯಾಸ ನನಗೆ ಬಂದದ್ದು ಅವರಿಂದ.

ಅವರ ಸೇವೆಯ ಕೊನೆಯ ದಿನ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ. ಬಣ್ಣದ ಕಾಗದ ಕಟ್ಟಿದ್ದರು, ಲಾಡು ಖಾರ ತರಿಸಿದ್ದರು, ಸೇವಂತಿಗೆಯ ದೊಡ್ಡ ಹಾರ ಬಂದಿತ್ತು. ಅವರ ಹೆಂಡತಿ ರೇಷ್ಮೆ ಸೀರೆಯುಟ್ಟು ಬಂದಿದ್ದರು. ಹೇಳಿದ ಹೊತ್ತಾಯಿತು, ಎಲ್ಲರೂ ಬಂದರು, ಇವರು ಬರಲಿಲ್ಲ. ಮಧ್ಯಾಹ್ನವೇ ತಮ್ಮ ಹಳೆಯ ಫೈಲುಗಳನ್ನೆಲ್ಲ ನೋಡಿ, ಬೇಕಾದ್ದನ್ನು ನನಗೆ ಒಪ್ಪಿಸಿ, ಬೇಡದ್ದನ್ನು ಅಳಿಸಿ ಮುಗಿಸಿದ್ದರು. ಅಷ್ಟರಲ್ಲಿ ಹೊಸಪೇಟೆಗೆ ಹೋಗಬೇಕಾದ ಒಂದು ಲಾರಿ ತಡವಾಗಿ ತುಂಬಿಕೊಂಡು ಗೇಟಿನ ಹತ್ತಿರ ನಿಂತಿತು. ಅದರ ಪತ್ರಗಳು ಬಾಕಿ.

ಮ್ಯಾನೇಜರೇ ಕರೆಯಲು ಬಂದರು. "ಎಲ್ಲರೂ ಕಾಯ್ತಿದ್ದಾರೆ ಸಾರ್. ಇದನ್ನ ಇವರು ಮಾಡ್ತಾರೆ, ನೀವು ಬನ್ನಿ."

"ಇವತ್ತು ಸಾಯಂಕಾಲದ್‌ಗಂಟ ನಾನೇ ಸಾರ್" ಎಂದರು. ಕೈ ನಿಲ್ಲಲಿಲ್ಲ.

ಮ್ಯಾನೇಜರು ವಾಪಸು ಹೋಗಿ ಏನು ಹೇಳಿದರೋ, ಕ್ಯಾಂಟೀನಿನಲ್ಲಿದ್ದವರೆಲ್ಲ ಎದ್ದು ನಮ್ಮ ವಿಭಾಗಕ್ಕೇ ಬಂದರು. ವರ್ಕ್‌ಶಾಪಿನ ಮಿಷನ್ ಬಿಟ್ಟು ಬಂದವರು ಎಣ್ಣೆ ಕೈಯಲ್ಲೇ ಬಾಗಿಲಲ್ಲಿ ನಿಂತರು. ಸೆಲ್ವಿ ಅಕ್ಕ ಲಾಡಿನ ತಟ್ಟೆ ಹಿಡಿದಿದ್ದರು. ಹಾರ ಹಿಡಿದವರು ಗೋಡೆಗೆ ಒತ್ತಿಕೊಂಡು ನಿಂತರು. ಕೀಬೋರ್ಡಿನ ಸದ್ದು ಮಾತ್ರ ಕೇಳುತ್ತಿತ್ತು. ಪತ್ರಗಳು ಒಂದೊಂದಾಗಿ ಪ್ರಿಂಟರಿನಿಂದ ಬಂದವು, ನಾನು ಓದಿ ನೋಡಿದೆ, ಎಲ್ಲವೂ ಸರಿಯಿತ್ತು, ಸಹಿಯಾದವು. ಡ್ರೈವರು ಬಂದು ಕಾಗದ ತೆಗೆದುಕೊಂಡು ಇಷ್ಟೊಂದು ಜನ ಯಾಕೆ ನಿಂತಿದ್ದಾರೆಂದು ತಿಳಿಯದೆ ಎಲ್ಲರಿಗೂ ನಮಸ್ಕಾರ ಮಾಡಿ ಹೋದ.

ಆಪರೇಟರ್ ಸಾರ್ ಕೈಯೆತ್ತಿ ನಮ್ಮನ್ನೆಲ್ಲ ತಡೆದರು. ಲಾರಿ ಶುರುವಾದದ್ದು, ಗೇಟು ತೆರೆದದ್ದು, ಭಾರ ಹೊತ್ತು ಕಿರುಗುಟ್ಟುತ್ತ ಆಚೆಯ ರಸ್ತೆಗೆ ತಿರುಗಿದ್ದು, ಅದರ ಸದ್ದು ದೂರವಾದದ್ದು, ಎಲ್ಲವನ್ನೂ ಕೂತು ಕೇಳಿಸಿಕೊಂಡರು. ಆಮೇಲೆ ಹೆಡ್‌ಫೋನ್ ತೆಗೆದು ಅದರ ವೈರನ್ನು ಸುತ್ತಿಟ್ಟರು. ಎದ್ದು ನಿಂತು ಶರ್ಟಿನ ಸುಕ್ಕು ಎಳೆದರು.

"ಊಂ. ಈಗ ಆಕ್ರಪ್ಪ ಆರ."

"ನೋಡಮ್ಮ ಇವ್ರ ಧಿಮಾಕು!" ಎಂದು ಅವರ ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಮೊದಲು ಚಪ್ಪಾಳೆ ತಟ್ಟಿದವರೂ ಅವರೇ.